ಗಂಜಿ ಹಾಕದ ಕಂಬಳಿ

ಬೆಳಕು ಹರಿಯುವ ಮೊದಲೇ ತಾರವ್ವ ಒಲೆಯ ಬೂದಿ ತೆಗೆಯುತ್ತಿದ್ದಳು. ಕುರಿದೊಡ್ಡಿಯ ಹಿಕ್ಕೆ ಬಳಿದು ತಿಪ್ಪೆಗೆ ಹಾಕುತ್ತಿದ್ದಳು. ಅಂಗಳಕ್ಕೆ ಸಗಣಿನೀರು ಹೊಡೆಯುತ್ತಿದ್ದಳು. ಬಾವಿಯಿಂದ ನೀರು ತರುತ್ತಿದ್ದಳು: ಮನೆಗೆ ಬೇರೆ, ಮರಿಗಳಿಗೆ ಬೇರೆ, ಗಂಜಿಗೆ ಬೇರೆ. ಅತ್ತೆಗೆ ಬಿಸಿನೀರು, ಗಂಡನಿಗೆ ಚಹಾ, ಮಗಳಿಗೆ ಹಾಲು. ಹಿಟ್ಟು ನಾದಿ ರೊಟ್ಟಿ ಬಡಿಯುವುದು, ಬುಟ್ಟಿಗೆ ಬಟ್ಟೆ ಮುಚ್ಚುವುದು. ಎಲ್ಲಕ್ಕೂ ಕೊನೆಗೆ, ಹುರಿದು ಸಿಪ್ಪೆ ತೆಗೆದು ನೆನೆಹಾಕಿದ ಹುಣಸೆಬೀಜವನ್ನು ಒರಳಿಗೆ ಸುರಿದು ರುಬ್ಬುವುದು. ಹುಣಸೆಬೀಜ ಅಕ್ಕಿಯಲ್ಲ, ಉದ್ದೂ ಅಲ್ಲ. ನೆನೆದ ಮೇಲೂ ಅದು ಕಲ್ಲಿನ ಜಾತಿಯದೇ. ಅದು ನುಣ್ಣಗಾಗುವ ಹೊತ್ತಿಗೆ ರಟ್ಟೆ ಸೋತು, ಮೂಡಣದಲ್ಲಿ ಬೆಳಕು ಮೂಡುತ್ತಿತ್ತು.

ಆಮೇಲೆ ಅವಳ ಗಂಡ ಕಾಡಸಿದ್ದ ಎದ್ದು, ಮುಖ ತೊಳೆದು, ಕುಣಿಮಗ್ಗದೊಳಗೆ ಕಾಲು ಇಳಿಬಿಟ್ಟು ಕೂರುತ್ತಿದ್ದ. ಊರಿನ ಲೆಕ್ಕದಲ್ಲಿ ಆ ಮನೆಯ ಕೆಲಸ ಶುರುವಾಗುತ್ತಿದ್ದುದು ಆಗ.

ಊರು ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜದಿಂದ ಒಂದಷ್ಟು ದೂರ, ಹಿರಣ್ಯಕೇಶಿ ಹೊಳೆಯ ದಂಡೆಗೆ. ಮರಾಠಿಯವರು ಧನಗರ ಗಲ್ಲಿ ಎನ್ನುತ್ತಿದ್ದುದನ್ನು ಅಲ್ಲಿದ್ದವರು ಕುರುಬರ ಓಣಿ ಎನ್ನುತ್ತಿದ್ದರು. ಕುರಿ ಸಾಕುವುದು, ಉಣ್ಣೆ ಕತ್ತರಿಸುವುದು, ಕಂಬಳಿ ನೇಯುವುದು ಗಂಡಸರ ಪಾಲು. ಆ ಉಣ್ಣೆ ತೊಳೆದು, ಹಿಂಜಿ, ರಾಟಿಯಲ್ಲಿ ನೂತು, ಗಂಜಿ ಕಾಸಿ ಬಳಿಯುವುದು ಹೆಂಗಸರ ಪಾಲು. ನೇಯ್ದ ಕಂಬಳಿಗೆ ಹುಣಸೆಬೀಜದ ದಪ್ಪ ಗಂಜಿ ಬಳಿದು ಒಣಗಿಸಿದರೆ ಅದು ಹಲಗೆಯಂತಾಗುತ್ತದೆ. ಮಳೆ ಬಂದರೆ ನೀರು ಜಾರಿಹೋಗಬೇಕು, ಕೊಪ್ಪೆ ಮಾಡಿ ತಲೆಗೇರಿಸಿದರೆ ನೆಟ್ಟಗೆ ನಿಲ್ಲಬೇಕು, ಕುರಿ ಕಾಯುವವನಿಗೆ ಅದೇ ಮನೆ. ಮುರಗೂಡ ಸಂತೆಯಲ್ಲೂ ಗಡಹಿಂಗ್ಲಜ ಸಂತೆಯಲ್ಲೂ ಕಾಡಸಿದ್ದನ ಕಂಬಳಿಗೆ ಹೆಸರಿತ್ತು.

“ಗ್ವಾಡಿಗಿ ನಿಲ್ಲಿಸಿದ್ರ ಕೊಲ್ಲಾಪುರದ ಪೈಲ್ವಾನನಂಗ ನಿಂದರತೈತಿ ನೋಡಪಾ ಕಾಡಸಿದ್ದನ ಕಂಬಳಿ,” ಎನ್ನುತ್ತಿದ್ದರು. ನಿಲ್ಲುತ್ತಿದ್ದುದು ಗಂಜಿಯಿಂದ. ಆದರೆ ಹೊಗಳಿಕೆ ಮಗ್ಗಕ್ಕೆ ಹೋಗುತ್ತಿತ್ತು. ತಾರವ್ವನಿಗೂ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಎಪ್ಪತ್ತಾರನೆಯ ಇಸವಿಯ ಮಳೆಗಾಲ ಮುಗಿದ ಮೇಲೆ ರತ್ನಮಾಲಾ ಮೊದಲ ಸಲ ಬಂದಳು. ಇಚಲಕರಂಜಿಯ ಜೈನರ ಮನೆಯ ಮಗಳು. ಮನೆಯ ಹಿಂದೆ ಪವರ್‌ಲೂಮುಗಳು ಹಗಲಿಡೀ ಖಟಾಖಟ್ ಎನ್ನುವ ಮನೆ. ಬಟ್ಟೆಯ ವಿನ್ಯಾಸ ಓದಲು ಅಹಮದಾಬಾದಿಗೆ ಹೋಗಿ ಬಂದಿದ್ದಳು. ಬಂದವಳು ಅಣ್ಣ ಶಾಂತಿನಾಥನ ಕಾರ್ಖಾನೆಯಲ್ಲಿ ಕೂರದೆ ಕೊಲ್ಲಾಪುರದಲ್ಲಿ ಒಂದು ಮಹಡಿಯ ಖೋಲಿ ಬಾಡಿಗೆಗೆ ಹಿಡಿದು, ಬಾಗಿಲ ಮೇಲೆ ‘ಲೋಕರ’ ಎಂದು ಹಲಗೆ ಹಾಕಿದ್ದಳು. ಲೋಕರ ಎಂದರೆ ಮರಾಠಿಯಲ್ಲಿ ಉಣ್ಣೆ. ಈ ಸೀಮೆಯ ಕರಿಕುರಿಯ ಉಣ್ಣೆ, ಈ ಸೀಮೆಯ ಕೈ, ಕೈಗೆ ತಕ್ಕ ಕೂಲಿ. ಪಟ್ಟಣದವರು ಹೊದೆಯುವಂಥ ಬಟ್ಟೆಯನ್ನು ಇವಿಷ್ಟರಿಂದಲೇ ಮಾಡಬೇಕೆಂಬುದು ಅವಳ ಹಟ.

ಶಾಂತಿನಾಥ ನಕ್ಕಿದ್ದ. “ನಮ್ಮ ಮಗ್ಗ ಒಂದ ದಿನದಾಗ ನೇಯೋ ಅರಿವಿ ನಿನ್ನ ಕುರುಬರು ವರ್ಷಾ ಪೂರ್ತಿ ಕುಂತ್ರೂ ನೇಯಂಗಿಲ್ಲ, ತಂಗಿ.”

“ನಿನ್ನ ಮಗ್ಗಕ್ಕ ಚಹಾ ಕೇಳಾಕ ಬಾಯಿ ಇಲ್ಲ, ಅದಕ್ಕ ನಿನಗ ಅದರ ಮ್ಯಾಲ ಪ್ರೀತಿ,” ಎಂದಿದ್ದಳು ರತ್ನಮಾಲಾ.

ಅವಳ ತಾಯಿ ಕಾಂಚನಬಾಯಿಗೆ ಇದ್ದದ್ದು ಒಂದೇ ಚಿಂತೆ. “ರೇಷ್ಮಿಗಿ ಹುಳಾ ಸಾಯ್ತಾವ ಅಂತ ನಾವು ಉಡಂಗಿಲ್ಲ. ಉಣ್ಣಿಗಿ ಕುರಿ ಸಾಯ್ತಾವೇನ?”

“ಕೂದಲಾ ಕತ್ತರಿಸಿದ್ರ ನೀ ಸಾಯ್ತೀಯೇನವ್ವಾ?”

ಅಲ್ಲಿಗೆ ಮನೆಯ ಅಪ್ಪಣೆ ಸಿಕ್ಕಿತ್ತು.

ಕೊಲ್ಲಾಪುರದಿಂದ ಸ್ಟುಡಿಯೋದವರು ಬರುತ್ತಾರೆಂಬ ಸುದ್ದಿ ಊರಿಗೆ ಮೊದಲೇ ತಲುಪಿತ್ತು. ಕಾಡಸಿದ್ದ ತಲೆಗೆ ಎಣ್ಣೆ ಹಚ್ಚಿ, ಹೊಸ ರುಮಾಲು ಸುತ್ತಿ, ಮಗ್ಗದ ಮುಂದೆ ಎದೆಯುಬ್ಬಿಸಿ ನಿಂತಿದ್ದ. ರತ್ನಮಾಲಾ ಬಂದು ನೂಲು ಮುಟ್ಟಿ, ಕಂಬಳಿ ಬಿಡಿಸಿ, ಅಂಚು ಹಿಡಿದು ನೋಡುತ್ತಲೇ ಇದ್ದಳು. ಅವನಿಗೆ ತಾಳ್ಮೆ ಕೆಟ್ಟಿತು.

“ಫೋಟೋ ಯಾವಾಗ ತಗೀತೀರ್ರಿ ಅಕ್ಕಾರ?”

“ಫೋಟೋದ್ದಲ್ರಿ, ಇದು ಅರಿವಿ ಸ್ಟುಡಿಯೋ. ಅರಿವಿಗೆ ನಕ್ಷಿ ಮಾಡೂದು.”

ಮೂಲೆಯಲ್ಲಿ ರಾಟಿ ತಿರುಗಿಸುತ್ತಿದ್ದ ಕಾಡಸಿದ್ದನ ತಾಯಿ ನಾಗೂಬಾಯಿ ತಲೆ ಎತ್ತದೆ ಹೇಳಿದಳು, “ಪಾಪ, ಎಣ್ಣಿ ದಂಡ ಆತು.”

ಆ ದಿನ ಮಾತಿನಲ್ಲಿ ಮಾತು ಬಂದು, ತಾರವ್ವನ ತವರು ದಾನೋಳಿ, ರತ್ನಮಾಲಾಳ ತಾಯಿಯ ತವರೂ ದಾನೋಳಿ ಎಂದು ತಿಳಿಯಿತು. ತವರಿನ ಕಡೆಯವಳು ಬರಿಹೊಟ್ಟೆಯಲ್ಲಿ ಹೋಗುವುದುಂಟೇ? “ಬ್ಯಾಡ್ರಿ ತಾರಕ್ಕಾ, ತ್ರಾಸ ತಗೋಬ್ಯಾಡ್ರಿ,” ಎಂದಳು ರತ್ನಮಾಲಾ. ತಾರವ್ವ ಕೇಳಲಿಲ್ಲ. ಜೈನರು ಉಳ್ಳಾಗಡ್ಡಿ ಬೆಳ್ಳುಳ್ಳಿ ತಿನ್ನುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂಬುದು ದಾನೋಳಿಯಲ್ಲಿ ಬೆಳೆದವಳಿಗೆ ಗೊತ್ತಿತ್ತು. ಬೇರೆ ಪಾತ್ರೆ ತಿಕ್ಕಿ, ಬೇರೆ ಒಗ್ಗರಣೆ ಹಾಕಿ, ಸೂರ್ಯ ಇರುವಾಗಲೇ ಝುಣಕ ರೊಟ್ಟಿ ಮುಂದಿಟ್ಟಳು. ಬೇಡ ಎಂದವಳು ಬೆರಳು ನೆಕ್ಕಿ ಉಂಡಳು. ಹಾಗಾದರೆ ಈಕೆಯ ‘ಬ್ಯಾಡ’ವೂ ಎಲ್ಲರ ‘ಬ್ಯಾಡ’ದಂಥದ್ದೇ, ಎದುರಿನವಳ ಬೆನ್ನಿನ ಮೇಲಿನ ಕರುಣೆಯಿಂದ ಬಂದದ್ದು, ಕೇಳಬೇಕಾದ್ದಿಲ್ಲ ಎಂದು ತಾರವ್ವ ಮನಸ್ಸಿನಲ್ಲಿ ಇಟ್ಟುಕೊಂಡಳು.

ಕೆಲಸ ಶುರುವಾಯಿತು. ಸ್ಟುಡಿಯೋದ ಪದ್ಧತಿ ಬೇರೆ ಇತ್ತು. ಕಂಬಳಿಯ ಬೆಲೆ ನೇಯ್ದವನ ಕೈಗೆ ಹೋಗಿ ಮುಗಿಯುತ್ತಿರಲಿಲ್ಲ. ನೂಲಿಗೆ ಬೇರೆ ಕೂಲಿ, ಅದು ನೂತವಳ ಕೈಗೆ. ಓಣಿಯ ಹೆಂಗಸರು ಕಬ್ಬಿನ ಗದ್ದೆಯಲ್ಲಿ ಕಳೆ ಕೀಳಲು ಹೋಗುವುದನ್ನು ಬಿಟ್ಟರು. ಕಬ್ಬಿನ ಒಣಗರಿ ರವದಿ ತಾಗಿ ಗೀರುಬಿದ್ದ ಮೊಣಕೈಗಳು ಮಾಯತೊಡಗಿದವು.

ಒಂದು ದಿನ ರತ್ನಮಾಲಾ ಅಂಗಳದಲ್ಲಿ ನಿಂತು ಕೇಳಿದಳು, “ತಾರಕ್ಕಾ, ಈ ಎಲ್ಲಾ ಕೆಲಸದಾಗ ನಿಮಗ ಭಾಳ ತ್ರಾಸಿಂದು ಯಾವುದು?”

ಮಗ್ಗದೊಳಗಿನಿಂದ ಕಾಡಸಿದ್ದ ಉತ್ತರಿಸಿದ. “ಅಕಿಗೇನ ತ್ರಾಸ್ರಿ ಅಕ್ಕಾರ? ಮನ್ಯಾಗ ಇರತಾಳ.”

“ನಿನ್ನ ಕೇಳಿಲ್ಲೋ ಮಗನ,” ಎಂದಳು ನಾಗೂಬಾಯಿ.

ತಾರವ್ವನಿಗೆ ಉತ್ತರ ಹುಡುಕಲು ಹೊತ್ತು ಹಿಡಿಯಿತು. ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ತ್ರಾಸುಗಳನ್ನು ಬೇರೆ ಬೇರೆ ಮಾಡಿ ಅವಳೂ ನೋಡಿರಲಿಲ್ಲ. “ಬಗ್ಗಿ ಕುದಸೂದ್ರಿ,” ಎಂದಳು ಕೊನೆಗೆ. ನೆಲದ ಒಲೆಯ ಮೇಲೆ ದೊಡ್ಡ ಹಂಡೆ, ತಳ ಹಿಡಿಯದಂತೆ ಬಗ್ಗಿ ಬಗ್ಗಿ ತಿರುವಬೇಕು. ಗಂಜಿ ಗಟ್ಟಿಯಾದಷ್ಟೂ ತಿರುವುವ ಹುಟ್ಟು ಭಾರ, ಹೊಗೆ ಮುಖಕ್ಕೆ. ಗಂಜಿ ಕಾಸಿದ ದಿನ ಅವಳು ನೆಟ್ಟಗಾಗುತ್ತಿದ್ದುದು ಗೋಡೆ ಹಿಡಿದುಕೊಂಡು.

ಮುಂದಿನ ಸಲ ರತ್ನಮಾಲಾ ಗೋಡೆ ಕಟ್ಟುವ ಗವಂಡಿಯನ್ನೂ ತಗಡಿನ ಹಾಳೆಗಳನ್ನೂ ತಂದಳು. ಅಂಗಳದ ಬದಿಗೆ ತಗಡಿನ ಚಪ್ಪರ ಎದ್ದಿತು. “ಒಲಿ ಎಷ್ಟ ಎತ್ತರ?” ಎಂದು ಗವಂಡಿ ಕಾಡಸಿದ್ದನನ್ನು ಕೇಳಿದ. ರತ್ನಮಾಲಾ ತಾರವ್ವನನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಅವಳ ಸೊಂಟದ ಮಟ್ಟಕ್ಕೆ ಇದ್ದಿಲಿನಿಂದ ಗೆರೆ ಎಳೆದು, “ಇಷ್ಟ,” ಎಂದಳು. ಕುಪ್ಪಸಕ್ಕೆ ಬಿಟ್ಟರೆ ತಾರವ್ವನ ಮೈಯ ಅಳತೆಯನ್ನು ಯಾವುದಕ್ಕೂ ಯಾರೂ ತೆಗೆದಿರಲಿಲ್ಲ.

ನಿಂತು ಕುದಿಸುವ ಒಲೆ ನೋಡಲು ಓಣಿಗೆ ಓಣಿಯೇ ಬಂದಿತು. ಎದುರುಮನೆಯ ಯಮುನವ್ವ ಹುಟ್ಟು ಹಿಡಿದು ಎರಡು ಸುತ್ತು ತಿರುವಿ ನೋಡಿ, “ಏ ತಾರಾ, ಮದಿವಿ ಮನಿ ಅಡಗಿ ಭಟ್ಟ ಆದಿ ಬಿಡ ನೀ! ಇನ್ನ ಒಂದ ಜನಿವಾರ ಹಾಕ್ಕೊಂಡ್ರ ಆತು,” ಎಂದಳು. ನಕ್ಕಳು, ಆದರೆ ಹುಟ್ಟನ್ನು ಬೇಗ ಬಿಡಲಿಲ್ಲ.

ಮೊದಲ ದಿನ ಗಂಜಿ ಇಳಿಸಿದ ಮೇಲೆ ತಾರವ್ವ ಅಭ್ಯಾಸದಂತೆ ಗೋಡೆ ಹುಡುಕಿದಳು. ಬೇಕಾಗಲಿಲ್ಲ. ಮಧ್ಯಾಹ್ನ ಚಾಪೆಯ ಮೇಲೆ ನಿದ್ದೆ ಹೋಗಿದ್ದ ಮಗಳನ್ನು ಎತ್ತಿಕೊಂಡಾಗ ಬಾಯಿಂದ ‘ಯವ್ವಾ’ ಎಂಬ ನರಳಿಕೆ ಹೊರಡಲಿಲ್ಲ. ಅಷ್ಟಕ್ಕೇ ಅವಳಿಗೆ ಕಣ್ಣು ತುಂಬಿತು. ದೇವರಿಗೆ ಕೈಮುಗಿಯುವಾಗ ಮೈಲಾರಲಿಂಗನ ಹೆಸರಿನ ಜೊತೆ ಇನ್ನೊಂದು ಹೆಸರೂ ಬಂತು. ಈ ಉಪಕಾರಕ್ಕೆ ಪ್ರತಿಯಾಗಿ ಏನಾದರೂ ಮಾಡಬೇಕೆಂದು ಅವಳಿಗೆ ದಿನಾ ಅನಿಸುತ್ತಿತ್ತು. ಮಾಡಲು ಅವಳ ಬಳಿ ಇದ್ದದ್ದು ಕೆಲಸವೊಂದೇ.

ಎಪ್ಪತ್ತೆಂಟರಲ್ಲಿ ಮುಂಬಯಿಯಲ್ಲಿ ಕೈಮಗ್ಗದ ಒಂದು ಪ್ರದರ್ಶನ ಗೊತ್ತಾಯಿತು. ರತ್ನಮಾಲಾ ಅದಕ್ಕಾಗಿ ಶಾಲುಗಳನ್ನು ಮಾಡಿಸಲು ನಿಂತಳು. ಕರಿ, ಕಂದು, ಹಾಲುಬಿಳಿ, ಉಣ್ಣೆಯ ಸ್ವಂತ ಬಣ್ಣಗಳ ಪಟ್ಟೆ. ಹೆಗಲ ಮೇಲೆ ಹಾಕಿದರೆ ನೀರಿನಂತೆ ಇಳಿಯಬೇಕು. ಎರಡು ದಿನ ಮಗ್ಗದ ಪಕ್ಕ ಕೂತು ಕಾಡಸಿದ್ದನ ಜೊತೆ ಪಟ್ಟೆಯ ಅಗಲ, ನೂಲಿನ ಹೊಂದಿಕೆ ಎಲ್ಲ ಮಾತಾಡಿದಳು. ತಾರವ್ವ ಚಹಾ ತಂದಾಗ ಮಾತು ನಿಲ್ಲುತ್ತಿತ್ತು, ಲೋಟ ತೆಗೆದುಕೊಂಡ ಮೇಲೆ ಮುಂದುವರಿಯುತ್ತಿತ್ತು. ಹೊರಡುವಾಗ ರತ್ನಮಾಲಾ ಕಾಡಸಿದ್ದನಿಗೆ ಹೇಳಿದಳು, “ನೇಯ್ದ ಮ್ಯಾಲ ದಪ್ಪ ಗಂಜಿ ಹಾಕೂದು ಬ್ಯಾಡ್ರಿ. ತೊಳದು ಒಣಗಿಸಿದ್ರ ಸಾಕು.”

ಕಾಡಸಿದ್ದ ಊಟಕ್ಕೆ ಕೂತಾಗ ಅದನ್ನು ಹೆಂಡತಿಗೆ ದಾಟಿಸಿದ. “ಅಕ್ಕಾರು ಗಂಜಿ ಬ್ಯಾಡ ಅಂದಾರ.”

“ಯಾಕಂತ?”

“ಬ್ಯಾಡ ಅಂದ್ರ ಬ್ಯಾಡ. ಇನ್ನೊಂದ ರೊಟ್ಟಿ ಹಾಕ.”

ಶಾಲುಗಳು ಮಗ್ಗದಿಂದ ಇಳಿದವು. ತಾರವ್ವ ಒಂದನ್ನು ಕೈಯಲ್ಲಿ ಹಿಡಿದಳು. ಅದು ಬೆರಳುಗಳಿಂದ ಜೋತುಬಿತ್ತು, ಬೇಯದ ರೊಟ್ಟಿಯ ಹಾಗೆ. ನಾಗೂಬಾಯಿ ರಾಟಿ ನಿಲ್ಲಿಸಿ ಹೇಳಿದಳು, “ಗಂಜಿ ಹಾಕದ್ದನ್ನ ಯಾರ ಹೆಗಲಿಗೂ ಹಾಕಬಾರದು. ಅದು ಹೆಣಕ್ಕ ಹೊಚ್ಚೂದು.” ಆ ಮನೆಯಲ್ಲಿ ಅದೊಂದು ಕಟ್ಟಳೆ. ತಾರವ್ವ ಸೊಸೆಯಾಗಿ ಬಂದ ದಿನದಿಂದ ಕೇಳಿದ್ದಳು, ಯಾಕೆಂದು ಕೇಳಿರಲಿಲ್ಲ.

ಅವಳಿಗೆ ಎಲ್ಲವೂ ಸ್ಪಷ್ಟವಾಗಿತ್ತು. ಅಕ್ಕ ಗಂಜಿ ಬೇಡ ಎಂದದ್ದು ತನ್ನ ರಟ್ಟೆ ನೋಯಬಾರದೆಂದು. ಊಟಕ್ಕೂ ಹೀಗೇ ಅಂದಿದ್ದಳಲ್ಲ. ತನ್ನ ಮೇಲೆ ಅಷ್ಟು ಕರುಣೆ ಇಟ್ಟವಳ ಮಾಲನ್ನು ಅರೆಬೆಂದದ್ದಾಗಿ, ಅಪಶಕುನವಾಗಿ ಮುಂಬಯಿಗೆ ಕಳಿಸುವುದೇ? ತಾರವ್ವ ಒಳ್ಳೆಯ ಹುಣಸೆಬೀಜ ಆರಿಸಿದಳು. ಯಾವತ್ತಿಗಿಂತ ನುಣ್ಣಗೆ ರುಬ್ಬಿದಳು. ನಿಂತು ಕುದಿಸುವ ಒಲೆಯ ಮೇಲೆ ಗಂಜಿ ಕಾಸಿ, ಬೇರಿನ ಕುಂಚದಿಂದ ಎರಡೂ ಮಗ್ಗುಲಿಗೆ ಬಳಿದು, ಬಿಸಿಲಿಗೆ ಹಾಕಿ, ತಿರುವಿ, ಮತ್ತೆ ಬಳಿದಳು. ಕಾಡಸಿದ್ದ ಆ ದಿನಗಳಲ್ಲಿ ಕುರಿಗಳ ಉಣ್ಣೆ ಕತ್ತರಿಸಲು ಪಕ್ಕದೂರಿಗೆ ಹೋಗಿದ್ದ, ಮರಳಿದ್ದು ಶಾಲು ಒಯ್ಯುವ ದಿನದ ಬೆಳಿಗ್ಗೆಯೇ. ಅಷ್ಟು ಸಂತೋಷದಿಂದ ಅವಳು ಯಾವ ಕೆಲಸವನ್ನೂ ಮಾಡಿರಲಿಲ್ಲ.

ರತ್ನಮಾಲಾ ಶಾಲು ಒಯ್ಯಲು ಬಂದ ದಿನ ಅವೆಲ್ಲ ಗೋಡೆಗುಂಟ ಸಾಲಾಗಿ ನಿಂತಿದ್ದವು.

ಅವಳು ಬಾಗಿಲಲ್ಲೇ ನಿಂತಳು. ಒಳಗೆ ಬಂದು ಒಂದನ್ನು ಮುಟ್ಟಿದಳು. ಅದು ಡಬ್ ಎಂದಿತು. ಹೆಗಲ ಮೇಲೆ ಹಾಕಿಕೊಳ್ಳಲು ನೋಡಿದಳು. ಅದು ಅವಳ ಹೆಗಲಿಂದ ಆಚೆಗೆ ಗೂಡಿನ ಬಾಗಿಲಂತೆ ಚಾಚಿಕೊಂಡು ನಿಂತಿತು. ಕೈಯಿಂದ ಬ್ಯಾಗು ಜಾರಿತು. ಕಟ್ಟೆಯ ಮೇಲೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮರುದಿನ ಮುಂಬಯಿಗೆ ಗಾಡಿ.

“ನಾ ಹೇಳಿದ್ದಿಲ್ಲೇನ ನಿನಗ?” ಎಂದು ಕಾಡಸಿದ್ದ ಹೆಂಡತಿಯ ಮೇಲೆ ಕೂಗಿದ. “ತಲಿಯಾಗ ಏನ ತುಂಬಕೊಂಡಿ, ಗಂಜಿನ?”

ತಾರವ್ವನಿಗೆ ಏನೋ ಕೆಟ್ಟಿದೆ ಎಂದಷ್ಟೇ ತಿಳಿಯಿತು, ಏನು ಎಂದು ತಿಳಿಯಲಿಲ್ಲ. ಸ್ಟುಡಿಯೋದಿಂದ ಉಣ್ಣೆಯ ಗಂಟು ಇನ್ನು ಬರುವುದಿಲ್ಲ. ಮತ್ತೆ ಕಬ್ಬಿನ ಗದ್ದೆ. ತನ್ನೊಬ್ಬಳಿಂದ ಇಡೀ ಓಣಿಗೆ.

“ಯಾಕ ಹಾಕಿದ್ರಿ ತಾರಕ್ಕಾ?” ರತ್ನಮಾಲಾ ಕೇಳಿದಳು. ದನಿ ಏರಿರಲಿಲ್ಲ.

“ನನಗ ತ್ರಾಸ ಆಗತೈತಿ ಅಂತ ಬ್ಯಾಡ ಅಂದೀರಿ ಅನ್ಕೊಂಡೆನ್ರಿ. ಊಟಕ್ಕೂ ಹಂಗ ಅಂದಿದ್ರಿ. ಅಂದ್ರೂ ಉಂಡ್ರಿ.”

ಅಳುವೋ ನಗುವೋ ತಿಳಿಯದ ಒಂದು ಸದ್ದು ರತ್ನಮಾಲಾಳ ಗಂಟಲಿಂದ ಬಂತು. “ಉಂಡೆ, ಹೌದ. ಚಲೋನೂ ಆಗಿತ್ತು.” ಕಣ್ಣೊರೆಸಿಕೊಂಡಳು. “ಕಾಡಸಿದ್ದಣ್ಣಾ, ಅವರ ಮ್ಯಾಲ ಒದರಬ್ಯಾಡ್ರಿ. ಎರಡ ದಿನಾ ಮಗ್ಗದ ಮುಂದ ಕುಂತು ಮಾತಾಡಿದಾಕಿ ನಾ. ಗಂಜಿ ಹಾಕಾವ್ರು ಇವರು. ಇವರಿಗೆ ಒಂದ ಮಾತ ಹೇಳಲಿಲ್ಲ. ಚಹಾ ಕೊಟ್ರು, ತಗೊಂಡೆ. ಮಾರಿ ಸೈತ ನೋಡಲಿಲ್ಲ.”

ಆಮೇಲೆ ಅವಳು ತಾರವ್ವನ ಪಕ್ಕ ಕೂತು ಶಾಲು ಯಾಕೆ ಮೆತ್ತಗಿರಬೇಕೆಂದು ವಿವರಿಸಿದಳು. ಪಟ್ಟಣದಲ್ಲಿ ಇದನ್ನು ಮಳೆಗೆ ಹೊದೆಯುವುದಿಲ್ಲ, ಕುರಿಯ ಹಿಂದೆ ನಡೆಯುವುದಿಲ್ಲ, ಸೀರೆಯ ಮೇಲೆ ಹಾಕಿಕೊಳ್ಳುತ್ತಾರೆ. ತಾರವ್ವ ಕೇಳಿದಳು, “ಇದನ್ನ ಮೊದಲ ಹೇಳಿದ್ರ ಆಗತಿತ್ತಲ್ರಿ.” ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ರತ್ನಮಾಲಾ ತಲೆಯಾಡಿಸಿದಳು.

ಮುಂಬಯಿ ತಪ್ಪಿತು. ಮರುದಿನ ಓಣಿಯ ಹೆಂಗಸರೆಲ್ಲ ಶಾಲು ಹೊತ್ತು ಹೊಳೆಗೆ ಹೋದರು. ನೆನೆಸಿ, ತುಳಿದು, ಹಿಂಡಿ, ಮತ್ತೆ ತುಳಿಯಬೇಕು. ರತ್ನಮಾಲಾಳೂ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು.

“ಅಕ್ಕಾರ, ನಿಮ್ಮ ಅಹಮದಾಬಾದಿನ ಶಾಳ್ಯಾಗ ಈ ಕುಣ್ಯಾಟ ಕಲಿಸಿದ್ದಿಲ್ಲೇನ್ರಿ?” ಎಂದಳು ಯಮುನವ್ವ.

“ಕಲಿಸಿದ್ದಿಲ್ರಿ. ಅದಕ್ಕ ಇಲ್ಲಿಗೆ ಬಂದೇನಿ.”

ರತ್ನಮಾಲಾ ಒಂದು ಶಾಲನ್ನು ಮಾತ್ರ ತೊಳೆಯದೆ ಅಣ್ಣನಿಗೆ ತೋರಿಸಲು ಒಯ್ದಳಂತೆ. ಶಾಂತಿನಾಥ ಅದನ್ನು ಬೆರಳಿನಿಂದ ಬಡಿದು, “ಹುಪರಿ ಅಕ್ಕಸಾಲ್ಯಾರಿಗೆ ಹೇಳಿ ಒಂದ ಬೆಳ್ಳಿ ಚಿಲಕಾ ಹಾಕಸ. ಅರಮನಿ ಬಾಗಲಾ ಆಗತೈತಿ,” ಎಂದನಂತೆ.

ತೊಳೆದ ಶಾಲುಗಳು ಮೊದಲಿಗಿಂತ ಮೆತ್ತಗಾಗಿದ್ದವು. ಕೆಲವು ಕುಗ್ಗಿದ್ದವು. ಆದರೆ ಅವನ್ನು ಒಣಗಿಸಲು ಅಂಗಳಕ್ಕೆ ತಂದಾಗ ನಾಗೂಬಾಯಿ ಬಾಗಿಲಿಗೆ ಅಡ್ಡ ನಿಂತಳು. “ಒಳಗ ಬ್ಯಾಡ. ಬೇಲಿ ಮ್ಯಾಲ ಹಾಕ್ರಿ.”

“ಯಾಕ್ರಿ ಆಯಿ?” ರತ್ನಮಾಲಾ ಕೇಳಿದಳು.

ಮುದುಕಿ ಕಟ್ಟೆಯ ಮೇಲೆ ಕೂತಳು. ಅವಳ ಗಂಡ ಸತ್ತದ್ದು ಕಾಡಸಿದ್ದ ಹಸುಗೂಸಾಗಿದ್ದಾಗ. ಚಳಿಜ್ವರ ಬಂದಿತ್ತು. ಮನೆಯಲ್ಲಿದ್ದ ಹೊಸ ಕಂಬಳಿಗೆ ಇನ್ನೂ ಗಂಜಿ ಹಾಕಿರಲಿಲ್ಲ, ಅದನ್ನೇ ಹೊದೆಸಿದ್ದಳು. ಬೆಳಗಿಗೆ ಅವನು ಇರಲಿಲ್ಲ. “ಜರಾ ಬಂದು ಸತ್ತಾ ಅಂತ ಯಾರೂ ಅನ್ನಲಿಲ್ಲವ್ವಾ. ನಾಗೂ ಆಳಸ್ತನ ಮಾಡಿದ್ಲು, ಹಸಿ ಕಂಬಳಿ ಹೊಚ್ಚಿ ಗಂಡನ್ನ ಕೊಂದ್ಲು ಅಂದ್ರು. ಇಂವ ದೊಡ್ಡಾಂವ ಆಗೂತನಾ ಅಂದ್ರು.” ಸೊಸೆಯ ಕಡೆ ತಿರುಗಿದಳು. “ನಾಳೆ ಈ ಮನ್ಯಾಗ ಒಂದ ಮರಿ ಸತ್ರೂ ಯಾರ ಹೆಸರ ತಗೀತಾರ ಹೇಳ. ಇವನ್ದಲ್ಲ. ಈ ಅಕ್ಕಾಂದೂ ಅಲ್ಲ.”

ರತ್ನಮಾಲಾ ವಾದಕ್ಕೆ ಹೋಗಲಿಲ್ಲ. ಇದೆಲ್ಲ ಮೂಢನಂಬಿಕೆ ಎನ್ನಲು ಅವಳಿಗೆ ಬರುತ್ತಿತ್ತು. ಆ ಮಾತಿನ ಬೆಲೆ ತೆರಬೇಕಾದವಳು ತಾನಲ್ಲವೆಂದು ಅಂದಿಗೆ ಅವಳಿಗೆ ತಿಳಿದಿತ್ತು. ಹೊರಡುವಾಗ ತಾರವ್ವನಿಗೆ ಮಾತ್ರ ಹೇಳಿದಳು, “ನಾ ಒತ್ತಾಯ ಮಾಡಂಗಿಲ್ಲ. ಗಂಜಿ ಹಾಕಿದ್ದನ್ನ ಕೊಲ್ಲಾಪುರದಾಗ, ಮುಂಬಯ್ಯಾಗ ಯಾರೂ ತಗೊಳಂಗಿಲ್ಲ, ಅದು ಖರೆ. ಮೆತ್ತಂದು ಮಾಡಾಕ ಮನಸ ಇದ್ರ ಉಣ್ಣಿ ತರ್ತೀನಿ. ಸಂತಿ ದಿನಾ ಮುಂಜಾನಿ ಗಾಡಿಗಿ ಬರ್ತೀನಿ. ಸ್ಟ್ಯಾಂಡಿಗೆ ಬಂದು ಹೇಳ್ರಿ. ಬರಲಿಲ್ಲಂದ್ರ ನಾ ಗಡಹಿಂಗ್ಲಜಕ್ಕ ಹೊಳ್ಳಿ ಹೋಗ್ತೀನಿ, ಸಿಟ್ಟ ಮಾಡ್ಕೊಳಂಗಿಲ್ಲ. ಒಲಿ ನಿಮ್ಮದು. ಕೆಲಸಾ ಮಾಡಿದ್ರೂ ನಿಮ್ಮದ, ಬಿಟ್ರೂ ನಿಮ್ಮದ.” ಬಹಳ ಕುಗ್ಗಿ ಮಾರಲಾಗದ ಒಂದು ಶಾಲನ್ನು ಬೇಲಿಯ ಮೇಲೆ ಬಿಟ್ಟು, ಉಳಿದವನ್ನು ಕಟ್ಟಿಕೊಂಡು ಹೋದಳು.

ಕೊನೆಯ ಮಾತನ್ನು ತಾರವ್ವ ಬಹಳ ಸಲ ಮನಸ್ಸಿನಲ್ಲಿ ತಿರುವಿ ನೋಡಿದಳು. ಉಪಕಾರ ಮಾಡಿದವರು ಅದರ ಒಂದು ತುದಿಯನ್ನು ಕೈಯಲ್ಲಿ ಹಿಡಿದುಕೊಂಡಿರುತ್ತಾರೆ, ಬೇಕಾದಾಗ ಎಳೆಯುತ್ತಾರೆ. ತವರಿನಲ್ಲೂ ಗಂಡನ ಮನೆಯಲ್ಲೂ ಅವಳು ಕಂಡದ್ದು ಅದನ್ನೇ. ಈಕೆ ತುದಿಯನ್ನೂ ಬಿಟ್ಟುಹೋಗಿದ್ದಳು.

ಗಂಡನನ್ನು ಕೇಳಿದಳು. “ನೀ ಹೆಂಗಂತೀ ಹಂಗ,” ಎಂದ ಕಾಡಸಿದ್ದ. ಮದುವೆಯಾದಾಗಿನಿಂದ ಆ ಮಾತು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ಕೆಟ್ಟ ಹೆಸರು ಜೊತೆಗೆ ಬರುವಂತಿದ್ದಾಗ ಬಂತು ಎಂಬುದನ್ನು ತಾರವ್ವ ಗಮನಿಸಿದಳು. ಓಣಿಯ ಹೆಂಗಸರು, “ನಿನ್ನ ಅತ್ತಿ ಹೂಂ ಅಂದ್ರ ನಾವೂ ಹೂಂ,” ಎಂದರು.

ಸಂತೆಯ ಹಿಂದಿನ ಮಧ್ಯಾಹ್ನ ಅತ್ತೆಯ ತಲೆಗೆ ಎಣ್ಣೆ ಒತ್ತುತ್ತಾ ತಾರವ್ವ ಕೇಳಿದಳು, “ಅತ್ತಿ, ಅವತ್ತ ನೀವು ಖರೇನ ಆಳಸ್ತನ ಮಾಡಿದ್ರ್ಯಾ?”

ನಾಗೂಬಾಯಿ ಮುಂಗೈಯಿಂದ ಹಣೆಯ ಎಣ್ಣೆ ಒರೆಸಿಕೊಂಡಳು. “ಬಾಣಂತಿ ಇದ್ದೆ. ಒರಳಿನ ಮುಂದ ಕುಂದ್ರಾಕ ಆಗತಿದ್ದಿಲ್ಲ. ರುಬ್ಬಿ ಕೊಡಾಕ ಮನ್ಯಾಗ ಇನ್ನೊಂದ ಕೈ ಇದ್ದಿದ್ದಿಲ್ಲ. ಅದನ್ನ ಯಾರೂ ಕೇಳಲಿಲ್ಲ, ನೀನ ಮೊದಲನೇದಾಕಿ.”

ತಾರವ್ವನ ಕೈ ನಿಂತಿತು. ನಸುಕಿನಲ್ಲಿ ಎದ್ದು ಬಂದು, ಒರಳಿಗೆ ಬೆರಳದ್ದಿ, ನುಣ್ಣಗಾಯಿತೇ ಎಂದು ನೋಡಿ ಹೋಗುತ್ತಿದ್ದ ಅತ್ತೆಯನ್ನು ಅವಳು ಎಷ್ಟೋ ವರ್ಷ ಮನಸ್ಸಿನಲ್ಲೇ ಬೈದಿದ್ದಳು. ತನಗೆ ಅಂಟಿದ್ದು ಸೊಸೆಗೆ ಅಂಟದಿರಲೆಂದು ಮುದುಕಿ ಕಾವಲು ಕಾಯುತ್ತಿದ್ದಳು. ತಾರವ್ವ ಆ ಬಿಳಿತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಎದೆಗೆ ಒತ್ತಿಕೊಂಡಳು. ಎಣ್ಣೆ ಕುಪ್ಪಸಕ್ಕೆ ಹತ್ತಿತು.

“ಹಂಗಾರ ನಾ ಏನ ಮಾಡ್ಲಿ ಹೇಳ್ರಿ.”

“ಹೂಂ ಅನ್ನಂಗಿಲ್ಲ, ಊಂಹೂಂ ಅನ್ನಂಗಿಲ್ಲ. ನನ್ನ ಮಾತಿನ ಹಿಂದ ನೀ ಅಡಗಬ್ಯಾಡ.” ನಾಗೂಬಾಯಿ ಸೊಸೆಯ ಕೈ ತಟ್ಟಿದಳು. “ಒತ್ತ, ಎಣ್ಣಿ ಆರಿ ಹೊಂಟತು.”

ಸಂತೆಯ ದಿನ ಹೊಳೆಯ ಕಡೆಯಿಂದ ಮಂಜು ಎದ್ದಿತ್ತು. ಕಾಡಸಿದ್ದ ಕಂಬಳಿ ಹೊತ್ತು ಬೇಗನೇ ಹೊರಟುಹೋಗಿದ್ದ. ನಾಗೂಬಾಯಿ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ನೂಲುತ್ತಿದ್ದಳು. ತಾರವ್ವ ಮಗಳಿಗೆ ರೊಟ್ಟಿ ಕೊಟ್ಟು, ಕೈ ತೊಳೆದು, ಅಂಗಳಕ್ಕೆ ಬಂದಳು. ಸ್ಟ್ಯಾಂಡಿಗೆ ಹೋಗಿ ‘ಆಗಂಗಿಲ್ರಿ’ ಎನ್ನಬಹುದು. ಹೋಗದೆ ಇರಬಹುದು, ಹೇಳುವ ಕಷ್ಟವೂ ಇಲ್ಲ. ಅಥವಾ ಹೂಂ ಎಂದು ಉಣ್ಣೆ ತಂದು, ಮೆತ್ತನೆಯದನ್ನು ಮಾಡಿ, ಹೆಸರೂ ಮುಖವೂ ಗೊತ್ತಿಲ್ಲದ ಮುಂಬಯಿಯ ಹೆಂಗಸರ ಹೆಗಲಿಗೆ ಕಳಿಸಬಹುದು. ಆ ಕೊನೆಯದರಲ್ಲಿ ಏನೋ ಒಂದು ಅವಳಿಗೆ ಸರಿ ಕಾಣಲಿಲ್ಲ. ತಾನು ಹೊದೆಯಲು ಅಂಜುವುದನ್ನು ಇನ್ನೊಬ್ಬಳಿಗೆ ಹೊದೆಸುವುದು ಹೇಗೆ?

ಬೇಲಿಯ ಮೇಲಿನ ಶಾಲು ಇಬ್ಬನಿಗೆ ತುಸು ಒದ್ದೆಯಾಗಿತ್ತು. ತಾರವ್ವ ಅದನ್ನು ಕೊಡವಿದಳು. ನೂತದ್ದು ತಾನು, ಎಲ್ಲಿ ನೂಲು ದಪ್ಪವಾಗಿದೆ, ಎಲ್ಲಿ ಸಣ್ಣಗಾಗಿದೆ ಎಂದು ಕೈಗೆ ಗೊತ್ತಾಗುತ್ತಿತ್ತು. ಎರಡೂ ಹೆಗಲ ಮೇಲೆ ಹೊದ್ದು, ಸೆರಗಿನ ಒಳಗೆ ಅಡಗಿಸದೆ, ಎಲ್ಲರಿಗೂ ಕಾಣುವಂತೆ ಎದೆಯ ಮೇಲೆ ಮಡಿಕೆ ಸರಿಮಾಡಿಕೊಂಡಳು. ಅದು ಮೈಗೆ ಅಂಟಿ ಇಳಿಯಿತು, ಬೆಚ್ಚಗಾಯಿತು.

ಬಾವಿಯ ಹತ್ತಿರ ಯಮುನವ್ವ ಕೊಡ ಇಳಿಸಿ ಬಾಯಿ ತೆರೆದು ನಿಂತಳು. “ಏ ತಾರಾ! ಏನ ಹೊತ್ಕೊಂಡಿ ಅದನ್ನ? ಯಾರಿಗೇನ ಆತ?”

“ಯಾರಿಗೇನೂ ಆಗಿಲ್ಲ,” ಎಂದಳು ತಾರವ್ವ. “ಚಳಿ ಐತಿ, ಹೊತ್ಕೊಂಡೇನಿ.”

ಹಾಗೆಂದವಳು ಓಣಿಯ ನಟ್ಟನಡುವೆ ಸ್ಟ್ಯಾಂಡಿನ ಕಡೆ ನಡೆದಳು.